ವರ್ಸೈಗೆ ಹೋದ ಮೂವರು

ಥಂಡಿ ದಿನದಾಗ ಮಾಳಮಡ್ಡಿಯ ನಮ್ಮ ಪಡಸಾಲ್ಯಾಗ ಶೆಗಡಿ ಹಚ್ಚಿದ್ರಂದ್ರ ಅಜ್ಜನ ಕಥಿ ಸುರು. ಅಂವ ಇತಿಹಾಸದ ಮಾಸ್ತರ, ಇಸವಿ ತಪ್ಪತಿರಲಿಲ್ಲ. ಅಂವ ಹೇಳಿದ್ದು, ಆಮ್ಯಾಲೆ ನಾ ಓದಿದ್ದು ಎರಡೂ ಕೂಡಿಸಿ ಹೇಳತೇನಿ, ಕೇಳ್ರಿ.

1783ರಾಗ ಮೈಸೂರಿನ ಟಿಪ್ಪು ಸುಲ್ತಾನ ಇಂಗ್ಲೀಷರ ಕೈಯಾಗಿದ್ದ ಮಂಗಳೂರಿಗೆ ಮುತ್ತಿಗಿ ಹಾಕಿದ್ದ. ಫ್ರೆಂಚರ ಒಂದು ದಂಡು ಅವನ ಜೋಡಿ ಇತ್ತು. ಯುರೋಪಿನಾಗ ಇಂಗ್ಲೀಷರಿಗೂ ಫ್ರೆಂಚರಿಗೂ ರಾಜಿ ಆಯ್ತು ಅನ್ನೂ ಸುದ್ದಿ ಬಂದಕೂಡಲೇ ಆ ದಂಡು ಲಡಾಯಿ ಬಿಟ್ಟು ಹಿಂದ ಸರೀತು. ಟಿಪ್ಪು ಅದನ್ನ ಮರೀಲಿಲ್ಲ. ಇನ್ನ ಪುದುಚೇರಿಯ ಫ್ರೆಂಚ್ ಅಧಿಕಾರಿಗಳ ಮಾತು ಸಾಕು, ಫ್ರಾನ್ಸಿನ ರಾಜನ್ನs ಕೇಳೋಣಂತ ನಿಶ್ಚಯ ಮಾಡಿದ.

1787ರ ಜುಲೈದಾಗ ಅವನ ರಾಯಭಾರಿಗಳಾದ ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್ ಮೂವರೂ ಪುದುಚೇರಿಯಿಂದ ಹಡಗು ಹತ್ತಿದರು. ಟೂಲೋನ್ ಬಂದರ ಮುಟ್ಟೂದ್ರಾಗ 1788ರ ಜೂನ್ ಬಂದಿತ್ತು. ಪ್ಯಾರಿಸ್ಸಿನ ಮಂದಿ ಅವರ ಮಲ್‌ಮಲ್ ಅಂಗಿ, ರುಮಾಲು ನೋಡಲಿಕ್ಕೆ ಮುಗಿಬಿದ್ದರು. ವಿಜೇ ಲ ಬ್ರಂ ಅನ್ನೂ ಹೆಸರಾಂತ ಕಲಾವಿದೆ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು.

ಆಗಸ್ಟ್ 10ಕ್ಕ ವರ್ಸೈ ಅರಮನ್ಯಾಗ 16ನೇ ಲೂಯಿಯ ಭೇಟಿ ಆತು. ಮೈಸೂರು ಕೇಳಿದ್ದು ಇಂಗ್ಲೀಷರ ವಿರುದ್ಧ ದಂಡಿನ ನೆರವು. ಅದರ ಜೋಡಿ ಇನ್ನೊಂದು ಯಾದಿ ಇತ್ತು: ತೋಫು ಎರಕಾ ಹೊಯ್ಯಾವರು, ಗಡಿಯಾರ ಮಾಡಾವರು, ಗಾಜಿನವರು, ಪಿಂಗಾಣಿಯವರು, ವೈದ್ಯರು, ಗಿಡಾ, ಬೀಜಾ.

ಲೂಯಿ ಮರ್ಯಾದಿಗೆ ಕಡಿಮಿ ಮಾಡಲಿಲ್ಲ, ದಂಡು ಮಾತ್ರ ಕೊಡಲಿಲ್ಲ. ಇಂಗ್ಲೀಷರ ಜೋಡಿ ಮಾಡಿಕೊಂಡ ಒಪ್ಪಂದ ಮುರಿಯೂ ಧೈರ್ಯ ಅವಗಿರಲಿಲ್ಲ, ಖಜಾನ್ಯಾಗ ರೊಕ್ಕನೂ ಇರಲಿಲ್ಲ. ಭೇಟಿಯಾದ ಆರೇ ದಿನಕ್ಕ, ಆಗಸ್ಟ್ 16ಕ್ಕ, ಫ್ರಾನ್ಸಿನ ಖಜಾನಿ ಸಾಲದ ಪಾವತಿ ನಿಲ್ಲಿಸಿತು. ಮರುವರ್ಷನs ಕ್ರಾಂತಿ. ರಾಯಭಾರಿಗಳ ಜೋಡಿ ಶ್ರೀರಂಗಪಟ್ಟಣದ ಕಡೆ ಬಂದವರು ಕುಶಲಕರ್ಮಿಗಳು.

ಲೂಯಿಯ ಆ ಉತ್ತರದ ಬಿಸಿ ನಮ್ಮೂರು ಧಾರವಾಡಕ್ಕೂ ತಟ್ಟೇದ. 1790ರ ಸೆಪ್ಟೆಂಬರದಾಗ ಪರಶುರಾಮ ಭಾವೂನ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟಲ್‌ನ ಇಂಗ್ಲೀಷ್ ಪಡೆ ಧಾರವಾಡದ ಕೋಟೆಗೆ ಮುತ್ತಿಗಿ ಹಾಕಿದವು. ಒಳಗ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಯಾವ ಫ್ರೆಂಚ್ ದಂಡೂ ಬರಲಿಲ್ಲ. ಆದರೂ 1791ರ ಏಪ್ರಿಲ್ ತನಕ ಅಂವ ಕೋಟಿ ಬಿಟ್ಟುಕೊಡಲಿಲ್ಲ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಾಗ ಟಿಪ್ಪು ಅರ್ಧಾ ರಾಜ್ಯ ಕಳಕೊಂಡ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ.

ಈ ಕಥಿ ಬರೇ ಸೋಲಿನದು ಅಂತ ನನಗ ಅನಸೂದಿಲ್ಲ. ದಂಡು ಕಳಸೂದು, ಬಿಡೂದು ಲೂಯಿಯ ಮರ್ಜಿ. ಗಡಿಯಾರ, ಗಾಜು, ತೋಫು ಮಾಡೂ ವಿದ್ಯಾ ನಮ್ಮವರ ಕೈಗೆ ಹತ್ತಲಿ ಅಂತ ಕೇಳಿದ್ದು ಮೈಸೂರಿನ ಶ್ಯಾಣ್ಯಾತನ. ಎರವಲು ದಂಡು ಮಂಗಳೂರಾಗ ಹೋಧಂಗ ಎಂದರ ಒಂದಿನ ಹೊಳ್ಳಿ ಹೋಗತದ. ಕಲಿತ ವಿದ್ಯಾ ಕಲಿತವರ ಕಡೇನ ಉಳೀತದ.