ಚಿನ್ನದ ಗಣಿಯಲ್ಲಿ ಕಾದು ಕೂತವರು

ನಮ್ಮ ಮನೆಯಲ್ಲಿ ನನ್ನ ಮೇಲಿರುವ ದೂರುಗಳಲ್ಲಿ ಮುಖ್ಯವಾದದ್ದು ಕತ್ತರಿಗೆ ಸಂಬಂಧಿಸಿದ್ದು. ಪತ್ರಿಕೆ ಬಂದ ಮರುದಿನ ಅದರಲ್ಲಿ ಎಲ್ಲಾದರೂ ಒಂದು ಚೌಕದ ಕಿಟಕಿ ಬಿದ್ದಿರುತ್ತದೆ. ಹಾಳೆಯನ್ನು ಕಪಾಟಿಗೆ ಹಾಸಿದರೆ ಆ ಕಿಟಕಿಯಲ್ಲಿ ಹಲಗೆ ಇಣುಕುತ್ತದೆ, ರದ್ದಿಯವನೂ ಒಮ್ಮೆ ಗೊಣಗಿದ್ದಾನೆ. ನಾನು ಕತ್ತರಿಸುವುದು ರಾಜಕೀಯವನ್ನಲ್ಲ, ಕ್ರಿಕೆಟ್ಟನ್ನೂ ಅಲ್ಲ. ಜಾಹೀರಾತು ಸಿಗದ ಮೂಲೆಯಲ್ಲಿ ನಾಲ್ಕಾರು ಸಾಲಿನಲ್ಲಿ ಮುದುರಿಕೊಂಡು ಕೂತಿರುವ ವಿಚಿತ್ರ ಸುದ್ದಿಗಳು ನನ್ನವು. ಮೈದಾ ಅಂಟು ಹಚ್ಚಿ ಅಂಟಿಸಿದ ಇಂಥ ನೋಟ್‌ಬುಕ್ಕುಗಳು ಈಗ ಏಳು ಆಗಿವೆ. 1995ರ ಸೆಪ್ಟೆಂಬರಿನಲ್ಲಿ ಗಣಪತಿ ಹಾಲು ಕುಡಿದದ್ದು ಅವುಗಳಲ್ಲಿದೆ. 2020ರ ಮೇ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳೆಲ್ಲ ಗಡಗಡ ನಡುಗಿ, ಕೊನೆಗೆ ಅದು ವಾಯುಪಡೆಯ ವಿಮಾನದ ಸದ್ದೆಂದು ತಿಳಿದದ್ದೂ ಇದೆ.

ಈ ಬೇಸಿಗೆಯಲ್ಲಿ ಆ ನೋಟ್‌ಬುಕ್ಕುಗಳಿಂದ ನನಗೆ ಒಂದು ಸಂಕಟ ಬಂತು. ಮಗಳು ದ್ವಿತೀಯ ಪಿ.ಯು.ಸಿ. ಮುಗಿಸಿದ್ದಳು. ಅಂಕ ಚೆನ್ನಾಗಿದ್ದವು. ಎಂಜಿನಿಯರಿಂಗ್ ಎಂದು ನಾವು ಅಂದುಕೊಂಡದ್ದು ಮಾತ್ರವಲ್ಲ, ನೆಂಟರೂ ಅಂದುಕೊಂಡಿದ್ದರು. ಒಂದು ದಿನ ಊಟದ ಹೊತ್ತಿಗೆ ಅವಳು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ಅಪ್ಪಾ, ನಾನು ಬಿ.ಎಸ್ಸಿ. ಓದ್ತೀನಿ. ಫಿಸಿಕ್ಸ್” ಅಂದಳು. ಕಾರಣ ಕೇಳಿದರೆ ನನ್ನ ಐದನೆಯ ನೋಟ್‌ಬುಕ್ ತಂದು ತೆರೆದಿಟ್ಟಳು.

ಅದು 2011ರ ಸುದ್ದಿ. ಯುರೋಪಿನ ಒಂದು ಪ್ರಯೋಗಶಾಲೆಯಿಂದ 730 ಕಿಲೋಮೀಟರ್ ದೂರದ ಇನ್ನೊಂದಕ್ಕೆ ನೆಲದೊಳಗಿಂದಲೇ ಕಳಿಸಿದ ನ್ಯೂಟ್ರಿನೊ ಎಂಬ ಕಣ, ಬೆಳಕಿಗಿಂತ 60 ನ್ಯಾನೋಸೆಕೆಂಡು ಮೊದಲೇ ತಲುಪಿಬಿಟ್ಟಿತಂತೆ. ಐನ್‌ಸ್ಟೀನ್ ಸೋತರೆಂದು ಪ್ರಪಂಚವೆಲ್ಲ ಗುಲ್ಲು. ಮರುವರ್ಷ ನೋಡಿದರೆ, ಯಂತ್ರದ ಒಂದು ಕೇಬಲ್ ಸರಿಯಾಗಿ ಸಿಕ್ಕಿಸಿರಲಿಲ್ಲ. ಇದನ್ನೂ ನಾನು ಕತ್ತರಿಸಿ ಪಕ್ಕದಲ್ಲೇ ಅಂಟಿಸಿದ್ದೆ. ಇವೆರಡರ ಕೆಳಗೆ ನನ್ನದೇ ಅಕ್ಷರದಲ್ಲಿ, ಎಲ್ಲೋ ಓದಿದ್ದನ್ನು ಮರೆಯದಿರಲೆಂದು, “ಈ ಕಣವನ್ನು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹಿಡಿದಿದ್ದರು” ಎಂದು ಬರೆದುಕೊಂಡಿದ್ದೆ. ಬರೆದದ್ದು ಮರೆತೇ ಹೋಗಿತ್ತು. ಮಗಳು ಮರೆತಿರಲಿಲ್ಲ.

“ಫಾರಂ ತುಂಬೋ ಮೊದಲು ಆ ಊರನ್ನ ಒಂದು ಸಲ ನೋಡಿಕೊಂಡು ಬರೋಣ” ಅಂದೆ. ಪಾಳು ಬಿದ್ದ ಗಣಿ ನೋಡಿದರೆ ಹುಮ್ಮಸ್ಸು ಸ್ವಲ್ಪ ಇಳಿದೀತು ಎಂಬ ಲೆಕ್ಕಾಚಾರ ನನ್ನಲ್ಲಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬೆಂಗಳೂರಿನಿಂದ ಬಂಗಾರಪೇಟೆ, ಅಲ್ಲಿಂದ ಕವಲೊಡೆಯುವ ಪುಟ್ಟ ರೈಲುಮಾರ್ಗ. ಬಂಗಾರಪೇಟೆಯಲ್ಲಿ ಇಳಿದು ಅಲ್ಲಿಯ ಹೆಸರಾಂತ, ನೀರಿನಂತೆ ತಿಳಿಯಾಗಿರುವ, ಆದರೆ ಕಣ್ಣಲ್ಲಿ ನೀರು ತರಿಸುವ ಪಾನಿಪುರಿ ತಿಂದೆವು. ಬೆಳಿಗ್ಗೆ ಹೊರಟವರಿಗೆ ಒಂದು ವಿಷಯ ಕಣ್ಣಿಗೆ ಬೀಳದೆ ಇರದು. ನಾವು ಹೋಗುವ ದಿಕ್ಕಿನಲ್ಲಿ ಬೋಗಿಗಳು ಖಾಲಿ, ಎದುರಿನಿಂದ ಬರುವ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಬೆಳಗಾಗುವ ಮುನ್ನ ಎದ್ದು, ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗುತ್ತದೆ. ರಾತ್ರಿ ಮಲಗಲು ಬರುತ್ತದೆ.

ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ನಿಲ್ದಾಣಗಳ ಹೆಸರಿನಲ್ಲೇ ಕಥೆಯಿದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಮೇಲೆ ಗಣಿಗಾರಿಕೆ ದೊಡ್ಡದಾಗಿ ಬೆಳೆಯಿತು. ಸಾಹೇಬರ ಬಂಗಲೆಗಳು, ಕ್ಲಬ್ಬು, ಚರ್ಚು ಎದ್ದವು. ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರಿಗೆ ಸಾಲುಮನೆಗಳಾದವು. ಇಂದಿಗೂ ಈ ಊರಿನ ಬೀದಿಯಲ್ಲಿ ತಮಿಳು ಮೊದಲು ಕೇಳುತ್ತದೆ, ಕನ್ನಡ ಆಮೇಲೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದಾಗ ಅದು ಮೊದಲು ಹರಿದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿನ ಅರಮನೆಗೂ ಅಲ್ಲ. 1902ರ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಈ ಗಣಿಗೆ ಬಂತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬರಲು 1905ರವರೆಗೆ ಕಾಯಬೇಕಾಯಿತು.

ಚಿನ್ನವೇನೋ ಬಂತು. ಮುಚ್ಚುವವರೆಗೆ ಒಟ್ಟು ಸುಮಾರು 800 ಟನ್ ಎಂದು ಲೆಕ್ಕ. ಆದರೆ ಆರಂಭದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರ್ನಾಲ್ಕು ಗ್ರಾಮಿಗೆ ಇಳಿಯಿತು. ಸಿಗುವುದು ಕಡಿಮೆಯಾದಷ್ಟೂ ಇಳಿಯುವುದು ಹೆಚ್ಚಾಯಿತು. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಹೋಯಿತು. ನಮ್ಮ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್. ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು ಆಳ ಎಂದರೆ ಅಂದಾಜು ಸಿಕ್ಕೀತು. ಅಲ್ಲಿಯ ಕಲ್ಲಿನ ಬಿಸಿ 65 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಮೇಲಿನಿಂದ ತಣ್ಣನೆಯ ಗಾಳಿ ಊದದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಅಷ್ಟು ಭಾರದ ಅಡಿಯಲ್ಲಿ ಬಂಡೆ ಒಮ್ಮೊಮ್ಮೆ ತಾನಾಗಿ ಸಿಡಿಯುತ್ತಿತ್ತು. ಆಗ ಮೇಲೆ ಮನೆಗಳಲ್ಲಿ ಪಾತ್ರೆ ಅಲುಗುತ್ತಿದ್ದವಂತೆ, ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು.

ಈಗ ನೋಡಲು ಸಿಗುವುದು ಮುಖ್ಯವಾಗಿ ಸೈನೈಡ್ ಗುಡ್ಡಗಳು. ಪುಡಿಮಾಡಿದ ಅದಿರನ್ನು ಸೈನೈಡ್ ದ್ರಾವಣದಲ್ಲಿ ಕಲಸಿದರೆ ಚಿನ್ನ ಅದರಲ್ಲಿ ಕರಗುತ್ತದೆ. ಉಳಿದ ನುಣ್ಣನೆಯ ಬೂದುಬಣ್ಣದ ಹುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಆದ ಗುಡ್ಡಗಳಿವು. ಮಳೆ ಕೊರೆದ ಗೆರೆಗಳಿರುವ ಅವುಗಳ ಮೇಲೆ ಹಸಿರು ಕಮ್ಮಿ. ಗಾಳಿ ಬೀಸಿದರೆ ಹುಡಿ ಎದ್ದು ಮನೆಮನೆಗೂ ಹೋಗುತ್ತದೆ. ಹೆಸರಾಂತ ಸಿನಿಮಾದ ಚಿತ್ರೀಕರಣ ಇಲ್ಲಿ ನಡೆದ ಮೇಲೆ ಫೋಟೋ ತೆಗೆಸಿಕೊಳ್ಳುವ ಹುಡುಗರೂ ಬರುತ್ತಾರೆ. ನಾವು ಹೋದಾಗಲೂ ಮೂವರು ಎದೆ ಸೆಟೆದು ನಿಂತಿದ್ದರು. ಆ ಸಿನಿಮಾದ ಕಥೆಗೂ ಈ ಊರಿನ ಕಥೆಗೂ ಹೆಸರಷ್ಟೇ ಸಂಬಂಧ ಎಂದು ಹೇಳೋಣವೆನಿಸಿತು. ಅವರ ಖುಷಿ ನೋಡಿ ಸುಮ್ಮನಾದೆ.

ಚಾಂಪಿಯನ್ ರೀಫಿನ ಒಂದು ಟೀ ಅಂಗಡಿಯಲ್ಲಿ ಆ ಯಜಮಾನರು ಸಿಕ್ಕಿದರು. ಎಪ್ಪತ್ತರ ಆಸುಪಾಸು. ಬಿಳಿ ಪಂಚೆ, ಮಾತಿಗೊಮ್ಮೆ ಕೆಮ್ಮು. ಇಪ್ಪತ್ತನೆಯ ವಯಸ್ಸಿಗೆ ಗಣಿಗಿಳಿದವರು ಅದು ಮುಚ್ಚುವವರೆಗೆ ಇಳಿಯುತ್ತಲೇ ಇದ್ದರಂತೆ. ಮೊಮ್ಮಗ ವೈಟ್‌ಫೀಲ್ಡಿನ ಯಾವುದೋ ಕಂಪನಿಯಲ್ಲಿ ಕಾವಲಿನ ಕೆಲಸದಲ್ಲಿದ್ದಾನೆ, ಬೆಳಿಗ್ಗೆ ನಮ್ಮೆದುರಿಗೆ ಹಾದು ಹೋದ ರೈಲಿನಲ್ಲಿದ್ದಿರಬೇಕು. ನಾವು ಬಂದ ಕಾರಣ ಹೇಳಿದಾಗ ಅವರು ಲೋಟ ಕೆಳಗಿಟ್ಟರು.

“ಕಾಸ್ಮಿಕ್ ಲ್ಯಾಬಾ ಸಾರ್? ನಮ್ಗೆ ಗೊತ್ತು. ಬೊಂಬಾಯಿ ಸೈಂಟಿಸ್ಟುಗಳು. ಜಪಾನ್ ದೊರೆಗಳೂ ಬರ್ತಿದ್ರು. ನಾನೇ ಕೇಜಿನಲ್ಲಿ ಪೈಪು ಇಳಿಸಿದ್ದೀನಿ. ಉದ್ದುದ್ದ, ಚೌಕ ಚೌಕ, ಬರೀ ಕಬ್ಬಿಣ. ಎಂಬತ್ತನೇ ಇಸವಿ ಇರಬಹುದು. ಅಬ್ಬಾ, ಏನು ತೂಕ! ಮಗು ಥರ ಹಿಡ್ಕೊಂಡು ಹೋಗಿ, ತಟ್ಟಬೇಡಿ ಅಂತ ಬೈಯೋರು.”

ಮಗಳ ಮುಖ ನಾನು ನೋಡಬೇಕಿತ್ತು, ನೋಡಿದೆ. ಬೆಂಚಿನ ತುದಿಗೆ ಜರುಗಿ ಕೂತಳು.

“ಒಂದು ವಿಷಯ ಕೇಳಲಾ ಪಾಪಾ?” ಎಂದರು ಅವರು. “ಅಷ್ಟೆಲ್ಲಾ ಇಳಿಸಿದ್ವಲ್ಲ. ವರ್ಷಾನುಗಟ್ಟಲೆ ಅಲ್ಲೇ ಕೂತು ಕಾಯೋರು. ಅವರು ಹುಡುಕ್ತಿದ್ದುದು ಸಿಕ್ತಾ? ನಮ್ಗೆ ಯಾರೂ ಹೇಳಲೇ ಇಲ್ಲ.”

ನಲವತ್ತು ವರ್ಷಗಳಿಂದ ಈ ಪ್ರಶ್ನೆ ಆ ಮನುಷ್ಯನಲ್ಲಿ ಹಾಗೇ ಇತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಮಗಳು ಹೇಳತೊಡಗಿದಳು. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಆಕಾಶದಿಂದ ನಮ್ಮ ಮೇಲೆ ಹಗಲೂ ರಾತ್ರಿ ವಿಶ್ವಕಿರಣಗಳ ಮಳೆ ಬೀಳುತ್ತಿರುತ್ತದೆ. ಅವು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ನೆಲದೊಳಕ್ಕೂ ಹೋಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಹೋಗುತ್ತವೆಂದು ಅಳೆಯಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1951ರಲ್ಲಿ ಈ ಗಣಿಗೆ ಇಳಿದರು. ಆಮೇಲೆ ಹಂತಹಂತವಾಗಿ ಉಪಕರಣವನ್ನು ಇನ್ನೂ ಕೆಳಕ್ಕೆ ಒಯ್ದಂತೆ ಎಣಿಕೆ ಕಡಿಮೆಯಾಗುತ್ತ ಬಂತು. 1960ರ ದಶಕದ ಆರಂಭದಲ್ಲಿ ತೀರ ಆಳದ ಒಂದು ತಾಣದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ನನ್ನಂಥವನಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದೆ. ಅವರು ಹಿಗ್ಗಿದರು. ಇಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿತಲ್ಲ, ಇಲ್ಲಿ ನ್ಯೂಟ್ರಿನೊದ ಪಿಸುಮಾತು ಕೇಳಬಹುದು ಎಂದು.

ನ್ಯೂಟ್ರಿನೊ ಎಂದರೆ ಯಾವುದಕ್ಕೂ ಅಂಟಿಕೊಳ್ಳದ ಕಣ. ಸೂರ್ಯನಿಂದ ಬರುವವೇ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಹಾದುಹೋಗುತ್ತವೆ, ಗೊತ್ತೇ ಆಗುವುದಿಲ್ಲ. ಇಡೀ ಭೂಮಿಯನ್ನೇ ದಾಟಿ ಆಚೆ ಹೋಗುತ್ತವೆ. ಲಕ್ಷೋಪಲಕ್ಷದಲ್ಲೊಂದಲ್ಲ, ಎಣಿಸಲಾರದಷ್ಟರಲ್ಲಿ ಒಂದು, ಎಲ್ಲೋ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಒಂದು ಮ್ಯೂಆನ್ ಹುಟ್ಟಿಸುತ್ತದೆ. ಹಾಗಾದರೆ ಮೇಲಿನಿಂದ ಇಳಿದ ಮ್ಯೂಆನ್ ಯಾವುದು, ಇದು ಯಾವುದು? ಇದಕ್ಕೆ ಅವರು ಹೂಡಿದ ಉಪಾಯ ನನಗಂತೂ ಬಹಳ ಹಿಡಿಸಿತು. ಪತ್ತೆಯಂತ್ರಗಳನ್ನು ಗೋಡೆಗಳ ಹಾಗೆ ನೆಟ್ಟಗೆ ನಿಲ್ಲಿಸಿದರು. ಮೇಲಿನಿಂದ ಬರುವವು ಕಡಿದಾಗಿ ಇಳಿಯುತ್ತವೆ. ಅಡ್ಡಡ್ಡ ಬರುವ ಮ್ಯೂಆನ್ ಆಗಿದ್ದರೆ ಅದು ಹತ್ತಾರು ಕಿಲೋಮೀಟರ್ ಬಂಡೆ ದಾಟಿ ಬಂದಿರಲಾರದು. ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದೇ ಆಗಿರಬೇಕು.

ಹಾಗೆ 2.3 ಕಿಲೋಮೀಟರ್ ಆಳದಲ್ಲಿ ಕಾದು, ಮುಂಬಯಿ, ಒಸಾಕ, ಡರ್ಹಮ್‌ಗಳ ವಿಜ್ಞಾನಿಗಳು ಸೇರಿ ಬೆರಳೆಣಿಕೆಯಷ್ಟು ಗುರುತುಗಳನ್ನು ಹಿಡಿದರು. 1965ರ ಆಗಸ್ಟಿನಲ್ಲಿ ಅದು ಪ್ರಕಟವಾಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಕಂಡ ಮೊದಲ ವರದಿ ಅದು. ಅದೇ ತಿಂಗಳ ಕೊನೆಗೆ ಇನ್ನೊಂದು ತಂಡದ ವರದಿಯೂ ಬಂತು. ಅವರು ಕಾದು ಕೂತಿದ್ದದ್ದು ಎಲ್ಲಿ ಗೊತ್ತೇ? ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ! ಮನುಷ್ಯನಿಗೆ ಚಿನ್ನದ ಆಸೆ ಇಲ್ಲದಿದ್ದರೆ ಅಷ್ಟು ಆಳದ ಗುಂಡಿಗಳು ಎಲ್ಲಿರುತ್ತಿದ್ದವು? ಮುಂದೆ 2015ರಲ್ಲಿ ಜಪಾನಿನ ತಕಾಕಿ ಕಜಿಟ ಅವರಿಗೆ ನೊಬೆಲ್ ಪಾಲು ತಂದುಕೊಟ್ಟದ್ದೂ ಈ ವಾಯುಮಂಡಲದ ನ್ಯೂಟ್ರಿನೊಗಳೇ.

“ಅದು ನಾನು ಕೆಲಸಕ್ಕೆ ಸೇರೋದಕ್ಕೆ ಮೊದಲು” ಎಂದರು ಯಜಮಾನರು. “ನಮ್ಮ ಪೈಪು?”

ಮಗಳು ಸ್ವಲ್ಪ ತಡೆದಳು. ಅವರು ಇಳಿಸಿದ ಕಬ್ಬಿಣ ಬೇರೆ ಪ್ರಯೋಗದ್ದು. ನಾವು, ನೀವು, ಈ ಟೀ ಲೋಟ, ಎಲ್ಲವೂ ಪ್ರೋಟಾನುಗಳಿಂದ ಆಗಿದ್ದೇವೆ. ಪ್ರೋಟಾನ್ ಸಾಯುವುದಿಲ್ಲ ಎಂದು ನಂಬಿಕೆ. 1970ರ ದಶಕದಲ್ಲಿ, ಇಲ್ಲ, ಅದೂ ಒಂದು ದಿನ ಒಡೆಯುತ್ತದೆ ಎಂದು ಸಿದ್ಧಾಂತಿಗಳು ಹೇಳಿದರು. ಅದರ ಆಯುಸ್ಸು ಎಷ್ಟು? ಒಂದರ ಮುಂದೆ ಸುಮಾರು ಮೂವತ್ತು ಸೊನ್ನೆ ಹಾಕಿದಷ್ಟು ವರ್ಷ. ಒಂದು ಪ್ರೋಟಾನಿನ ಮುಂದೆ ಅಷ್ಟು ಕಾಲ ಕೂರಲಾದೀತೇ? ಅದಕ್ಕೆ 140 ಟನ್ ಕಬ್ಬಿಣ ಗುಡ್ಡೆಹಾಕಿ, ಅದರಲ್ಲಿರುವ ಅಸಂಖ್ಯಾತ ಪ್ರೋಟಾನುಗಳಲ್ಲಿ ಒಂದಾದರೂ ನಮ್ಮ ಕಾಲದಲ್ಲಿ ಒಡೆಯಲಿ ಎಂದು ಕಾದರು. ಕೆಲವು ಗುರುತುಗಳು ಹಾಗಿವೆ ಎಂದು ಅವರಿಗೆ ತೋರಿತ್ತು. ಬೇರೆಡೆ ಯಾರಿಗೂ ಅದು ಖಚಿತವಾಗಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು.

“ಸಿಗಲಿಲ್ಲ ತಾತ” ಎಂದಳು. “ಆದ್ರೆ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಜಪಾನಿನಲ್ಲಿ ಐವತ್ತು ಸಾವಿರ ಟನ್ ನೀರು ತುಂಬಿಟ್ಟು ನೋಡ್ತಿದ್ದಾರೆ, ಅಲ್ಲೂ ಸಿಕ್ಕಿಲ್ಲ.”

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬೇಜಾರಾಯಿತೋ ಏನೋ ಎಂದುಕೊಂಡೆ. ಆಮೇಲೆ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಅಂಗಡಿಯವ ನೀರು ತಂದುಕೊಟ್ಟ.

“ಹಾಗಾದ್ರೆ ನಮ್ಮ ಪೈಪು ತಪ್ಪಲ್ಲ” ಎಂದರು. “ನಾವು ಎಲ್ಲೋ ತಟ್ಟಿಸಿಬಿಟ್ವೇನೋ ಅಂತಿದ್ದೆ.”

ಟೀ ದುಡ್ಡು ಕೊಡಲು ಅವರು ಬಿಡಲಿಲ್ಲ. ಶಾಫ್ಟಿನ ಕಡೆ ಹೋಗುವ ದಾರಿಯವರೆಗೂ ಜೊತೆಗೆ ಬಂದು, ಬೇಲಿಯಾಚೆ ತುಕ್ಕು ಹಿಡಿದು ನಿಂತ ಕಬ್ಬಿಣದ ಗೋಪುರ ತೋರಿಸಿದರು. ಒಳಗೆ ಬಿಡುವುದಿಲ್ಲ. ಮೊದಲು ಸೈರನ್ ಕೂಗಿದರೆ ಊರಿಗೇ ಗಡಿಯಾರವಾಗಿತ್ತು, ಈಗ ರೈಲಿನ ಸದ್ದೇ ಗಡಿಯಾರ ಎಂದರು. ಆ ಬೂದು ಗುಡ್ಡಗಳಲ್ಲಿ ಇನ್ನೂ ಉಳಿದಿರುವ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟದ್ದನ್ನು ನೆನಪಿಸಿದೆ. “ಗಣಿ ತೆರೀತಾರೆ ಅಂತ ಇಪ್ಪತ್ತು ವರ್ಷದಿಂದ ಪೇಪರಲ್ಲಿ ಬರ್ತಾನೇ ಇದೆ ಸಾರ್. ನೀವು ಕತ್ತರಿಸಿ ಇಟ್ಕೊಳ್ಳಿ” ಎಂದರು. ನನ್ನ ಕತ್ತರಿಯ ವಿಷಯವನ್ನು ಮಗಳು ಯಾವ ಹೊತ್ತಿನಲ್ಲಿ ಹೇಳಿಬಿಟ್ಟಿದ್ದಳೋ!

ಸಂಜೆ ವಾಪಸು ಬರುವಾಗ ಮತ್ತೆ ನಮ್ಮ ಬೋಗಿ ಖಾಲಿ. ಬಂಗಾರಪೇಟೆಯಲ್ಲಿ ಎದುರು ರೈಲು ಬಂದು ನಿಂತಿತು. ಬಾಗಿಲಲ್ಲಿ ಜೋತಾಡುತ್ತಿದ್ದವರಲ್ಲಿ ನೀಲಿ ಸಮವಸ್ತ್ರದ ಹುಡುಗರೂ ಇದ್ದರು. ಅವರಲ್ಲಿ ಆ ಮೊಮ್ಮಗ ಯಾರಿರಬಹುದೆಂದು ಮಗಳು ಕಿಟಕಿಯಿಂದ ನೋಡುತ್ತಿದ್ದಳು.

ನಾನು ಕೇಳಬೇಕೆಂದಿದ್ದದ್ದು ಒಂದೇ. “ಅಷ್ಟು ವರ್ಷ ಕಾದು ಏನೂ ಸಿಗದೆ ಹೋದರೆ?”

“ಅಪ್ಪಾ, ಅವರಿಗೆ ಸಂಬಳ ಬರ್ತಿತ್ತು” ಎಂದಳು.

ಮನೆಗೆ ಬಂದಮೇಲೆ ಅವಳು ಎರಡು ಫಾರಮ್ಮುಗಳನ್ನೂ ತುಂಬಿ ಮೇಜಿನ ಮೇಲಿಟ್ಟಿದ್ದಾಳೆ, ಪೋಷಕರ ಸಹಿಯ ಜಾಗ ಎರಡರಲ್ಲೂ ಖಾಲಿ. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನವಿದೆ. ಕತ್ತರಿ ಹುಡುಕಲು ಹೋದಾಗಲೆಲ್ಲ ಅವು ಕೈಗೆ ತಾಗುತ್ತವೆ.