ಆರ್‌ಸಿ ಮುಗಿಯೋಕೆ ಇನ್ನು 48 ದಿನ

1/6

ಹೋದ ಸಲ ಹಾಕಿದ್ದ ಫೋಟೋ ಕೆಳಗೆ "ಸಿಟಿ ಕೊಡ್ತೀರಾ ಅಕ್ಕ? ಲಾಸ್ಟ್ ಎಷ್ಟು?" ಅಂತ ತುಂಬಾ ಜನ ಕೇಳಿದ್ರಿ. ಒಬ್ಬೊಬ್ಬರಿಗೇ ಟೈಪ್ ಮಾಡೋ ಬದಲು ಇಲ್ಲೇ ಬರೀತಿದ್ದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ಹೊಸದಾಗಿ ಬಂದವರಿಗೆ: ಇದು 2011ರ ಹೋಂಡಾ ಸಿಟಿ. ಐ-ವಿಟೆಕ್, ಮ್ಯಾನುಯಲ್, ಬೂದಿ ಬಣ್ಣ. 1497 ಸಿಸಿ, 118 ಪಿಎಸ್, ಐದು ಗೇರು. ನಾವಿರೋದು ಶ್ರೀರಂಗಪಟ್ಟಣದಲ್ಲಿ. ಅಪ್ಪಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಗದ್ದೆ ಪಂಪ್‌ಸೆಟ್ ಸುಟ್ಟುಹೋದ್ರೆ ಟಿವಿಎಸ್ ಮೇಲೆ ಇಟ್ಕೊಂಡು ಜನ ಓಡಿ ಬರ್ತಾರಲ್ಲ, ಅಂಥ ಅಂಗಡಿ. ಮೋಟಾರ್ ಆನ್ ಮಾಡಿ ಐದು ಸೆಕೆಂಡ್ ಕಿವಿ ಕೊಟ್ಟು "ಬೇರಿಂಗ್ ಹೋಗದೆ" ಅನ್ನೋ ಮನುಷ್ಯ.

ಈ ಕಾರನ್ನೂ ಹಾಗೇ ತಗೊಂಡಿದ್ದು. 2022ರಲ್ಲಿ, ಬೆಂಗಳೂರಲ್ಲಿ, 2 ಲಕ್ಷದ 85 ಸಾವಿರಕ್ಕೆ. ಸೀಟು ನೋಡಲಿಲ್ಲ, ಪೇಂಟ್ ನೋಡಲಿಲ್ಲ. ಬಾನೆಟ್ ಎತ್ತಿಸಿ ಸ್ಟಾರ್ಟ್ ಮಾಡಿಸಿ ಕಣ್ಣು ಮುಚ್ಕೊಂಡು ನಿಂತ್ಕೊಂಡ್ರು. ಮಾರೋನು ಇವರೇನೋ ದೇವರಿಗೆ ಕೈ ಮುಗೀತಿದಾರೆ ಅಂದ್ಕೊಂಡನಂತೆ.

2025ರ ಫೆಬ್ರವರಿಯಲ್ಲಿ ಅಪ್ಪಂಗೆ ಸ್ಟ್ರೋಕ್ ಆಯ್ತು. ಮಾತು ಉಳೀತು. ಬಲಗಡೆ ಉಳೀತು. ಹೋಗಿದ್ದು ಎಡಗಡೆ. ಗಾಡಿ ಓಡಿಸೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಚ್ ಕಾಲು, ಗೇರ್ ಕೈ.

ಲೈಸೆನ್ಸ್ ನನ್ನ ಹತ್ರ ಇತ್ತು. ಕೀ ನನ್ನ ಕೈಗೆ ಬಂತು.

2/6

ದಿನ ಹೀಗಿರತ್ತೆ. ಏಳೂಕಾಲಿಗೆ ಮನೆ ಬಿಡೋದು. ಕಳಸ್ತವಾಡಿ, ಸಿದ್ದಲಿಂಗಪುರ, ರಿಂಗ್ ರೋಡ್ ಜಂಕ್ಷನ್, ಎಂಟಕ್ಕೆ ಮೈಸೂರಲ್ಲಿ ಫಿಸಿಯೋ. ವಾರಕ್ಕೆ ಆರು ದಿನ. ಮುಗಿದ ಮೇಲೆ ಅಪ್ಪನ್ನ ಬನ್ನಿಮಂಟಪದಲ್ಲಿ ಅತ್ತೆ ಮನೇಲಿ ಬಿಟ್ಟು ನಾನು ಕಾಲೇಜಿಗೆ. ಮಧ್ಯಾಹ್ನದ ಮೇಲೆ ಒಬ್ಬ ಆಡಿಟರ್ ಆಫೀಸಲ್ಲಿ ಟ್ಯಾಲಿ ಎಂಟ್ರಿ ಕೆಲಸ. ಸಂಜೆ ಆರೂವರೆಗೆ ಅಪ್ಪನ್ನ ಹತ್ತಿಸ್ಕೊಂಡು ವಾಪಸ್. ತಿಂಗಳಿನ 11ನೇ ತಾರೀಕು, 20ನೇ ತಾರೀಕು ಮಾತ್ರ ಎಂಟಾಗತ್ತೆ, ಜಿಎಸ್‌ಟಿ ರಿಟರ್ನ್ ಹಾಕೋ ಕೊನೇ ದಿನಗಳು. ಎಲ್ಲ ಸೇರಿ 40 ಕಿಲೋಮೀಟರ್.

"ನಿಂಗೆ ಬಸ್ಸು ಫ್ರೀ ಅಲ್ವೇನೇ, ಕಾರ್ ಯಾಕೆ?" ಅಂತ ಕ್ಲಾಸಲ್ಲಿ ಕೇಳ್ತಾರೆ. ನಂಗೆ ಫ್ರೀ. ಅಪ್ಪನ್ನ ಬಸ್ಸಿನ ಮೆಟ್ಲು ಹತ್ತಿಸೋದು ಹೇಗೆ ಅಂತ ಯಾವ ಸ್ಕೀಮಲ್ಲೂ ಬರೆದಿಲ್ಲ.

ಈಗ ಯಾವ ವಿಡಿಯೋದಲ್ಲೂ ಹೇಳದ ವಿಷಯ. ಸ್ಪೋರ್ಟಿ ಗಾಡಿ ಅಂದ್ರೆ ಕೆಳಗಿರೋ ಗಾಡಿ. ಸೀಟು ಕೆಳಗೆ, ರೂಫು ಕೆಳಗೆ. ಇಪ್ಪತ್ತು ವರ್ಷದವಳಿಗೆ ಅದು ಸೊಗಸು. ಎಡಗಾಲು ಎತ್ತೋಕಾಗದ 54 ವರ್ಷದವರಿಗೆ ಅದು ಬಾವಿಗೆ ಇಳಿದ ಹಾಗೆ.

ಫಿಸಿಯೋ ಮೇಡಂ ಹೇಳಿಕೊಟ್ಟ ಉಪಾಯ ಬರೀತೀನಿ, ಯಾರಿಗಾದ್ರೂ ಬೇಕಾಗಬಹುದು. ಎಡಗಡೆ ಮುಂದಿನ ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ. ಗಟ್ಟಿ ಕುಶನ್ ಹಾಕಿ, ಮೆತ್ತಗಿದ್ರೆ ಕುಸಿಯತ್ತೆ. ಕುಶನ್ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಸಿ. ಮೊದಲು ಹೊರಗೆ ಮುಖ ಮಾಡಿ ಕೂರಿಸಿ, ತಲೆ ಮೇಲೆ ಕೈ ಅಡ್ಡ ಇಡಿ, ಇಲ್ಲಾಂದ್ರೆ ರೂಫಿಗೆ ಹೊಡೆಯತ್ತೆ. ಆಮೇಲೆ ಹಾಗೇ ತಿರುಗಿಸಿ, ಕವರ್ ಇರೋದ್ರಿಂದ ಜಾರತ್ತೆ. ಕೂತ ಮೇಲೆ ಕವರ್ ಎಳೆದು ತೆಗೀರಿ, ಇಲ್ಲದಿದ್ರೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರ್ತಾರೆ. ಬೆಲ್ಟ್ ಕೊನೆಗೆ. ಮೊದಲ ತಿಂಗಳು ಇಷ್ಟಕ್ಕೇ ಹತ್ತು ನಿಮಿಷ ಆಗ್ತಿತ್ತು. ಪಕ್ಕದ ಮನೆಯವರು ನೋಡ್ತಾ ನಿಲ್ಲೋರು. ಅಪ್ಪಂಗೆ ಕಾಲಿಗಿಂತ ಅದೇ ನೋವು.

3/6

ಬಿಕಾಂ ಓದೋಳು ಲೆಕ್ಕ ಬರೀದೆ ಇರೋಕಾಗಲ್ಲ.

ತಿಂಗಳಿಗೆ 1,000 ಕಿಲೋಮೀಟರ್. ಮೈಲೇಜ್ ಈಗ 12.5. ಅಂದ್ರೆ 80 ಲೀಟರ್, ಲೀಟರಿಗೆ 103 ರೂಪಾಯಿ ಲೆಕ್ಕದಲ್ಲಿ 8,240. ಆಡಿಟರ್ ಆಫೀಸಲ್ಲಿ ನಂಗೆ ಬರೋದು 9,000. ಬ್ಯಾಲೆನ್ಸ್ ನೀವೇ ಹಾಕಿ.

ಮೊದಲು 13ರ ಮೇಲೆ ಕೊಡ್ತಿತ್ತು. ಈಗ ಬಂಕಲ್ಲಿ ಸಿಗೋದು ಇ20, ಶೇಕಡಾ 20 ಎಥೆನಾಲ್. ಒಂದು ಲೀಟರ್ ಎಥೆನಾಲಲ್ಲಿ ಇರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಅದೇ ಇದ್ದಾಗ ಮೈಲೇಜು ಅಷ್ಟು ಬೀಳಲೇಬೇಕು. 2011ರ ಗಾಡಿ ಇದಕ್ಕಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪಿನ ರಬ್ಬರ್ ಮೇಲೆ ಮೆಕ್ಯಾನಿಕ್ ಅಣ್ಣ ಪ್ರತಿ ಸರ್ವೀಸಲ್ಲೂ ಒಂದು ಕಣ್ಣಿಟ್ಟಿರ್ತಾರೆ.

ಒಂದು ವರ್ಷದಲ್ಲಿ ಬಿದ್ದ ರಿಪೇರಿ: ನಾಲ್ಕು ಟೈರು 20,000. ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್ ಸೇರಿ 14,500. ಎಂಜಿನ್ ಮೌಂಟ್ 4,200. ಬ್ಯಾಟರಿ 4,300. ಒಟ್ಟು 43,000. ಎಲ್ಲಾ ವಯಸ್ಸಿಗೆ ಸಹಜವಾದ ಸವೆತ, ಯಾರನ್ನೂ ಬೈಯೋ ಹಾಗಿಲ್ಲ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ. 1000ದಿಂದ 1500 ಸಿಸಿ ಕಾರಿಗೆ 3,416, ಮೇಲೆ ಜಿಎಸ್‌ಟಿ.

ಜಾಸ್ತಿ ಅನ್ಸತ್ತಾ? ಇದೇ ಓಡಾಟಕ್ಕೆ ಬಾಡಿಗೆ ಕಾರು ಕೇಳಿದ್ದೆ. ದಿನಕ್ಕೆ 1,000ಕ್ಕೆ ಕಮ್ಮಿ ಯಾರೂ ಒಪ್ಪಲಿಲ್ಲ. ತಿಂಗಳಿಗೆ 25,000. ಹಾಗಾಗಿ ಒಂದು ಕಾರು ಬೇಕೇ ಬೇಕು. ಅದು ಈ ಕಾರೇ ಆಗಬೇಕಾ ಅನ್ನೋದೇ ಪ್ರಶ್ನೆ.

ಡಿಪ್ರಿಸಿಯೇಷನ್ ಚಾಪ್ಟರ್ ಓದುವಾಗ ಒಂದು ಸಲ ಸುಮ್ನೆ ಹಾಕಿ ನೋಡಿದ್ದೆ. ಹೊಸದ್ರಲ್ಲಿ 10 ಲಕ್ಷ ಅಂದ್ಕೊಳ್ಳಿ. ಇನ್‌ಕಂ ಟ್ಯಾಕ್ಸ್ ರೀತಿ ವರ್ಷಕ್ಕೆ ಶೇಕಡಾ 15, ರಿಟನ್ ಡೌನ್ ವ್ಯಾಲ್ಯೂ ಮೇಲೆ. 15 ವರ್ಷಕ್ಕೆ ಪುಸ್ತಕದಲ್ಲಿ ಉಳಿಯೋದು 87 ಸಾವಿರ ಚಿಲ್ರೆ. ಅಪ್ಪಂಗೆ ತೋರಿಸಿದೆ. "ಪುಸ್ತಕಕ್ಕೆ ಕಿವಿ ಇಲ್ಲ ಕಣವ್ವ" ಅಂದ್ರು.

4/6

ಓಡಿಸೋಕೆ ಹೇಗಿದೆ ಅಂತ ಕೇಳೋರಿಗೆ.

ಊರೊಳಗೆ ಸಾಧಾರಣ ಗಾಡಿ. 2,000 ಆರ್‌ಪಿಎಂ ಕೆಳಗೆ ಮಲಗಿರತ್ತೆ. ಟಾರ್ಕ್ 146 ಎನ್‌ಎಂ ಬರೋದೇ 4,800ರಲ್ಲಿ, ಪೂರ್ತಿ ಪವರ್ 6,600ರಲ್ಲಿ. ವಿಟೆಕ್ ಅಂದ್ರೆ ಎಂಜಿನ್ ವೇಗಕ್ಕೆ ತಕ್ಕ ಹಾಗೆ ವಾಲ್ವ್ ತೆರೆಯೋ ರೀತಿನೇ ಬದಲಾಗೋದು. ಮೆಲ್ಲಗೆ ಹೋಗುವಾಗ ಮಿತವಾಗಿ ಉಸಿರಾಡತ್ತೆ, ಓಡುವಾಗ ಎದೆ ತುಂಬಾ. ಸ್ಟೇರಿಂಗ್ ಹಗುರ, ಕ್ಲಚ್ ಹಗುರ, ಗೇರ್ ಬೆಣ್ಣೆ ಥರ ಬೀಳತ್ತೆ. ಹೊಸ ಕಾರುಗಳಲ್ಲಿರೋ ಟಚ್‌ಸ್ಕ್ರೀನು ಕ್ಯಾಮೆರಾ ಏನೂ ಇಲ್ಲ. ರಿವರ್ಸ್ ತಗೊಳ್ಳೋಕೆ ಕತ್ತು ತಿರುಗಿಸಬೇಕು.

ಶತ್ರು ಅಂದ್ರೆ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದೀಲಿರೋದು ಯಾರೋ ಮಲಗಿದ ಹಾಗಿದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸ್ತೀನಿ. ಗಾಡಿ ತಳಕ್ಕಿಂತ ಅಪ್ಪನ ಎಡ ಭುಜದ ಚಿಂತೆ. ಸಣ್ಣ ಜರ್ಕಿಗೂ ನೋವು.

ತಗೊಳ್ಳೋ ಯೋಚನೆ ಇದ್ರೆ ಎರಡು ಮಾತು. ಈ ಕಾಲದ ಸಿಟಿಗಳಲ್ಲಿ ಟಕಾಟಾ ಏರ್‌ಬ್ಯಾಗ್ ರೀಕಾಲ್ ಆಗಿತ್ತು. ಚಾಸಿಸ್ ನಂಬರ್ ಕಂಪನಿ ವೆಬ್‌ಸೈಟಲ್ಲಿ ಹಾಕಿ ನೋಡಿ, ಬಾಕಿ ಇದ್ರೆ ಫ್ರೀಯಾಗಿ ಬದಲಾಯಿಸ್ತಾರೆ. ಇನ್ನೊಂದು, ಕೋಲ್ಡ್ ಸ್ಟಾರ್ಟಲ್ಲಿ ಟಿಕ್ ಟಿಕ್ ಅಂತಿದ್ರೆ ಹೆದರಬೇಡಿ, ಮೊದಲು ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ ನೋಡಿ.

ವಾರಕ್ಕೊಂದ್ಸಲ, ಶನಿವಾರ ವಾಪಸ್ ಬರುವಾಗ, ರೋಡ್ ಖಾಲಿ ಇದ್ರೆ ಅಪ್ಪ ಹೇಳ್ತಾರೆ: "ಎರಡನೇ ಗೇರಲ್ಲಿ ಎಳಿ." 5,000 ದಾಟಿಸಿದ್ರೂ ಸ್ಪೀಡು 70ರ ಆಸುಪಾಸು, ಕ್ಯಾಮೆರಾಗೂ ತೊಂದ್ರೆ ಇಲ್ಲ. ಆ ಸದ್ದಿಗೆ ಅಪ್ಪ ಕಣ್ಣು ಮುಚ್ಕೋತಾರೆ. ಆಮೇಲೆ ಮೂರನೇ ಗೇರು.

ಮೊದಲೆಲ್ಲ ನಾನು ಗೇರ್ ಹಾಕುವಾಗ ಅಪ್ಪನ ಬಲಗಾಲು ಇಲ್ಲದ ಬ್ರೇಕ್ ಒತ್ತೋದು. ನನ್ನ ಡ್ರೈವಿಂಗ್ ಮೇಲೆ ಅಷ್ಟು ನಂಬಿಕೆ! ಹೋದ ನವೆಂಬರಲ್ಲಿ ಒಂದು ದಿನ ನೋಡ್ತೀನಿ, ಎಡಗಾಲ ಪಾದ ಒಂಚೂರು ಕೆಳಗೆ ಒತ್ತಿ ಮೇಲೆ ಬಂತು. ಮತ್ತೆ ಗೇರ್ ಹಾಕಿದೆ. ಮತ್ತೆ. ನಾನು ಕ್ಲಚ್ ಒತ್ತಿದಾಗೆಲ್ಲ ಅವರೂ ಒತ್ತುತಾ ಇದ್ರು, ಬರೀ ಮ್ಯಾಟ್ ಮೇಲೆ. ಎಷ್ಟು ದಿನದಿಂದ ಮಾಡ್ತಿದ್ರೋ, ಕಾಲು ಕೇಳೋಕೆ ಶುರುವಾಗಿದ್ದು ಅವತ್ತು. ನಾನೇನೂ ಹೇಳಲಿಲ್ಲ. ಸಿದ್ದಲಿಂಗಪುರದಿಂದ ಮನೆವರೆಗೂ ಬೇಕು ಬೇಕಂತ ಗೇರ್ ಬದಲಾಯಿಸ್ತಾ ಬಂದೆ.

5/6

ಹೊಸತೊಡಕಿನ ದಿನ ಚಿಕ್ಕಪ್ಪ ಬಂದಿದ್ರು. ಊಟ ಆದ ಮೇಲೆ ವಿಷಯ ತೆಗೆದ್ರು. "ಜೂನಿಗೆ 15 ವರ್ಷ ಆಗತ್ತೆ. ಈಗಲೇ ಮಾರಿ. ವ್ಯಾಗನ್‌ಆರ್ ಆಟೋಮ್ಯಾಟಿಕ್ ಸೆಕೆಂಡ್ಸ್ ತಗೊಳ್ಳಿ. ಎತ್ತರ ಇದೆ, ಹತ್ತೋಕೆ ಇಳಿಯೋಕೆ ಸುಲಭ. ಕ್ಲಚ್ಚೇ ಇಲ್ಲ. ಡಾಕ್ಟರ್ ಹೂಂ ಅಂದ್ರೆ ಮುಂದೆ ಅಣ್ಣನೇ ಓಡಿಸಬಹುದು."

ಒಂದು ಮಾತೂ ತಪ್ಪಿಲ್ಲ. 18ರ ಮೈಲೇಜ್ ಹಿಡಿದ್ರೂ ವರ್ಷಕ್ಕೆ 30,000 ಪೆಟ್ರೋಲ್ ಉಳಿತಾಯ. ಅಮ್ಮ ಚಿಕ್ಕಪ್ಪನ ಕಡೆ. ಯಾಕಿರಬಾರದು? ಬೆಳಗ್ಗೆ ಅಪ್ಪನ ಕಾಲು ಎತ್ತಿ ಒಳಗಿಡೋಳು ಅಮ್ಮ. ಬೆನ್ನುನೋವು ಅಮ್ಮಂದು. ಈ ಗಾಡಿ ಮೇಲೆ ನಂಗಿರೋ ಪ್ರೀತಿಗೆ ಅಮ್ಮನ ಬೆನ್ನು ದುಡ್ಡು ಕಟ್ಟಬೇಕಾ ಅಂತ ಯೋಚ್ನೆ ಮಾಡಿ ಎರಡು ರಾತ್ರಿ ನಿದ್ದೆ ಬಂದಿಲ್ಲ.

ಅಪ್ಪ ಅವತ್ತು ಜಗಳ ಆಡಲಿಲ್ಲ. "ಎಡಗಾಲು ಬರ್ತಾ ಅದೆ, ತಡಿ" ಅಂದ್ರು ಅಷ್ಟೇ. ಚಿಕ್ಕಪ್ಪ ಕಾರ್ ವಿಷಯ ಕೇಳ್ತಿದಾರೆ, ಅಪ್ಪ ಕಾಲಿನ ಉತ್ತರ ಕೊಡ್ತಿದಾರೆ. ಎತ್ತರದ ಆಟೋಮ್ಯಾಟಿಕ್ ಕಾರು ಮನೆ ಮುಂದೆ ಬಂದು ನಿಂತ್ರೆ ಅಪ್ಪ ಅದನ್ನ ಹೇಗೆ ಓದ್ಕೋತಾರೆ ಅಂತ ನಂಗೆ ಗೊತ್ತು. ಚಿಕ್ಕಪ್ಪಂಗೆ ಗೊತ್ತಿಲ್ಲ. ಅಮ್ಮಂಗೆ ಗೊತ್ತಿದೆ, ಆದ್ರೂ ಬೆನ್ನು ನೋಯತ್ತೆ.

ಫಿಸಿಯೋ ಮೇಡಂ ಹತ್ರ ನೇರವಾಗಿ ಕೇಳಿದೆ. ಸುಳ್ಳು ಆಸೆ ಕೊಡಲಿಲ್ಲ ಅವರು. ಕ್ಲಚ್ ಒತ್ತೋ ಬಲ ಬಂದ್ರೂ ಸಾಕಾಗಲ್ಲ, ಎಡಗಡೆ ಗಮನ ಎಷ್ಟಿದೆ ಅಂತ ನೋಡಬೇಕು, ಅದನ್ನ ಡಾಕ್ಟರ್ ಹೇಳಬೇಕು, ಅಲ್ಲೀವರೆಗೂ ಯಾವ ಗಾಡಿನೂ ಬೇಡ, ಆಟೋಮ್ಯಾಟಿಕ್ಕೂ ಬೇಡ ಅಂದ್ರು. ಆದ್ರೆ ಇನ್ನೊಂದೂ ಹೇಳಿದ್ರು: ಕೆಳಗಿನ ಸೀಟಿಂದ ಎದ್ದೇಳೋದೇ ಒಂದು ವ್ಯಾಯಾಮ. ಎರಡು ತಿಂಗಳಿಂದ ಅಪ್ಪ ಇಳಿಯುವಾಗ ಬಲಗೈಲಿ ಡೋರ್ ಚೌಕಟ್ಟು ಹಿಡ್ಕೊಂಡು ತಾವೇ ಎದ್ದು ನಿಲ್ತಿದಾರೆ. ಹತ್ತುವಾಗ ಕಾಲು ಇನ್ನೂ ಎತ್ತಿ ಇಡಬೇಕು. ಆ ಕೆಲಸ ಈಗ ನಂದು, ಅಮ್ಮ ಬಾಗಿಲಿಗೆ ಬರೋ ಹಾಗಿಲ್ಲ ಅಂತ ರೂಲ್ಸ್ ಮಾಡಿದೀನಿ.

6/6

ಆರ್‌ಸಿ ರಿನ್ಯೂವಲ್ ಹೇಗೆ ಅಂತ ಕೇಳಿದ್ರಿ. ಗಡುವಿಗೆ 60 ದಿನ ಮೊದಲಿಂದ ಅರ್ಜಿ ಹಾಕಬಹುದು, ಫಾರ್ಮ್ 25. ಕಾರಿಗೆ ಫೀಸು 5,000. ಆರ್‌ಟಿಒಗೆ ಗಾಡಿ ತಗೊಂಡು ಹೋಗಿ ತೋರಿಸಬೇಕು. ಪಾಸಾದ್ರೆ ಐದು ವರ್ಷ. ತಡ ಮಾಡಿದ್ರೆ ತಿಂಗಳಿಗೆ 500 ದಂಡ. ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಚಾಲ್ತಿಯಲ್ಲಿರಬೇಕು.

ಚಿಕ್ಕಪ್ಪಂಗೆ ನಾನು ಹೇಳಿದ್ದು ಬೇರೆ ಲೆಕ್ಕ. ಒಂದೂವರೆ ತಿಂಗಳ ಆರ್‌ಸಿ ಇರೋ ಗಾಡೀನ ಈಗ ಮಾರಿದ್ರೆ ಬ್ರೋಕರ್ ಚೌಕಾಸಿ ಮಾಡಿ ಅರ್ಧ ರೇಟಿಗೆ ಇಳಿಸ್ತಾನೆ. 5,000 ಕಟ್ಟಿ 2031ರವರೆಗೆ ಮಾಡಿಸಿದ್ರೆ, ಆಮೇಲೆ ಮಾರೋದಾದ್ರೂ ಒಳ್ಳೆ ಬೆಲೆ ಬರತ್ತೆ. ಚಿಕ್ಕಪ್ಪ "ಅದೂ ಸರಿ" ಅಂದ್ರು. ಲೆಕ್ಕ ಸುಳ್ಳೇನಲ್ಲ. ಇಂಟರ್ನಲ್ಸಲ್ಲಿ ಬರೆದಿದ್ರೂ ಮಾರ್ಕ್ಸ್ ಬರೋದು.

ಹಾಗಾಗಿ, ಕೇಳಿದವರಿಗೆಲ್ಲ: ಸದ್ಯಕ್ಕೆ ಮಾರಲ್ಲ.

ತಯಾರಿ ನಡೀತಿದೆ. ಹಳದಿಯಾಗಿದ್ದ ಹೆಡ್‌ಲೈಟ್ ಗ್ಲಾಸ್ ಉಜ್ಜಿಸಿ ಆಯ್ತು, ಎರಡನೇ ಫೋಟೋದಲ್ಲಿದೆ. ಎಡಗಡೆ ಹಿಂದಿನ ಇಂಡಿಕೇಟರ್ ಬಲ್ಬ್ ಹೊಸದು. ಚಾಸಿಸ್ ನಂಬರ್ ಮೇಲಿನ ಮಣ್ಣು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ತೆಗೆದಿದ್ದೀನಿ. ಅಪ್ಪಂದೇ ಹೆಸರಲ್ಲಿರೋದ್ರಿಂದ ಸಹಿ ಅಪ್ಪಂದೇ ಬೇಕು, ಬಲಗೈ ಆದ್ರಿಂದ ತೊಂದ್ರೆ ಇಲ್ಲ. ನೀನು ಬರೋದು ಬೇಡಪ್ಪ, ಬಿಸಿಲು ಅಂದೆ. "ಇನ್ಸ್‌ಪೆಕ್ಟ್ರು ಸ್ಟಾರ್ಟ್ ಮಾಡಿಸಿದಾಗ ನಾನಲ್ಲಿರಬೇಕು" ಅಂದ್ರು.

ಬುಧವಾರ ಬೆಳಗ್ಗೆ ಮಂಡ್ಯಕ್ಕೆ ಹೋಗ್ತಿದೀವಿ. ಕುಶನ್ ಕವರ್ ತೊಳೆದು ಒಣಗಾಕಿದೀನಿ.