ಗಾಡಿ ಓಡುತ್ತೆ, ಪರದೆ ನಿಂತಿದೆ

ನಮ್ಮ ಚಳ್ಳಕೆರೆ ಕಡೆ ಯಾರಾದರೂ ಎಲೆಕ್ಟ್ರಿಕ್ ಗಾಡಿ ತಂದರೆ ಜನ ಕೇಳುವುದು ಎರಡೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತೆ? ಬ್ಯಾಟರಿ ಹೋದರೆ ಎಷ್ಟು ಖರ್ಚು? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇನ್ನೊಂದಿದೆ. ಅದನ್ನು ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ. ಮುಂದೆ ಹೊಳೆಯುತ್ತಿರುವ ಈ ಪರದೆಯ ಹಿಂದೆ ಎಂಥ ಕಂಪ್ಯೂಟರ್ ಇದೆ, ಅದು ಎಷ್ಟು ವರ್ಷ ಬಾಳುತ್ತೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಬಿಸಿಲಿನಲ್ಲಿ. ನಾನು ಪತ್ರಿಕೆಗೆ ಸುದ್ದಿ ಕಳಿಸುವ ಸ್ಟ್ರಿಂಗರ್. ತಿಂಗಳ ಸಂಬಳ ಇಲ್ಲ, ಸುದ್ದಿ ಲೆಕ್ಕದಲ್ಲಿ ದುಡ್ಡು. ನಾಯಕನಹಟ್ಟಿ, ಪರಶುರಾಂಪುರ, ಹಿರಿಯೂರು ಎಂದು ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ತಿರುಗಾಟ. ಸುದ್ದಿಯಿಂದ ಬಂದದ್ದು ಪೆಟ್ರೋಲ್ ಬಂಕಿಗೇ ಹೋಗುತ್ತಿತ್ತು. ಅದಕ್ಕೇ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಅದರಿಂದ ಉಳಿತಾಯ ಆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಊರಿನ ಹೆಂಗಸರು ಖಾಲಿ ಕೊಡ ಹಿಡಿದು ಕುಡಿಯುವ ನೀರಿಗೆ ಧರಣಿ ಕೂತಿದ್ದರು. ಎರಡು ಗಂಟೆ ಗಾಡಿ ಬಿಸಿಲಲ್ಲೇ ನಿಂತಿತ್ತು. ವಾಪಸ್ ಹೊರಟರೆ ಪರದೆಯಲ್ಲಿ ಕಂಪನಿಯ ಗುರುತು ಬಂದು ಹಾಗೇ ಕೂತಿತು. ಆಮೇಲೆ ಹೇಗೋ ತೆರೆದುಕೊಂಡಿತು. ಬ್ಯಾಟರಿ 41 ಅಂತ ತೋರಿಸಿತು. ಐದು ಕಿಲೋಮೀಟರ್ ಬಂದೆ, 41. ಹದಿನೈದು ಕಿಲೋಮೀಟರ್ ಬಂದೆ, ಇನ್ನೂ 41. ಬೆರಳಿಟ್ಟರೆ ಪರದೆಗೆ ಸ್ಪರ್ಶವೇ ತಾಗುತ್ತಿಲ್ಲ. ಗಾಡಿ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿದೆ. ಬೇವಿನ ಮರದ ಕೆಳಗೆ ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ 24. ಊರು ಇನ್ನೂ ದೂರವಿತ್ತು. ಮೆಲ್ಲಗೆ ಓಡಿಸಿಕೊಂಡು ಮನೆ ಮುಟ್ಟಿದೆ.

ಗಾಡಿ ಓಡುವಾಗಲೂ ಪರದೆ ಹೇಗೆ ನಿಂತಿತು? ಎಲೆಕ್ಟ್ರಿಕ್ ಗಾಡಿಯೊಳಗೆ ಇರುವುದು ಒಂದೇ ಕಂಪ್ಯೂಟರ್ ಅಲ್ಲ. ಮೋಟರಿಗೆ ಕರೆಂಟ್ ಬಿಡಲು ಒಂದು ಕಂಟ್ರೋಲರ್, ಬ್ಯಾಟರಿ ಕಾಯಲು ಇನ್ನೊಂದು. ಪರದೆ, ಮ್ಯಾಪು, ಹಾಡು, ಫೋನು ಎಲ್ಲ ನೋಡಿಕೊಳ್ಳಲು ಬೇರೆಯದೇ ಒಂದು. ಈ ಮೂರನೆಯದನ್ನು ಇನ್ಫೋಟೈನ್‌ಮೆಂಟ್ ಎನ್ನುತ್ತಾರೆ. ಅದು ತಟಸ್ಥವಾದರೂ ಮೋಟರ್ ನಿಲ್ಲುವುದಿಲ್ಲ. ಇದು ಒಳ್ಳೆಯ ಏರ್ಪಾಡೇ. ಆದರೆ ಬ್ಯಾಟರಿ ಎಷ್ಟಿದೆ, ವೇಗ ಎಷ್ಟಿದೆ ಎಂದು ನಮಗೆ ಹೇಳುವ ಬಾಯಿ ಆ ಪರದೆಯೇ. ಬಾಯಿ ಕಟ್ಟಿಹೋದರೆ ಒಳಗಿನ ಸುದ್ದಿ ನಮಗೆ ತಿಳಿಯುವುದಿಲ್ಲ.

ಆ ಪರದೆಯ ಕಂಪ್ಯೂಟರನ್ನು ನಮ್ಮ ಲೆಕ್ಕದಲ್ಲಿ ಹೀಗೆ ನೋಡಬಹುದು. ಪ್ರೊಸೆಸರ್ ಅಂದರೆ ಕೆಲಸದ ಆಳು. ರ‍್ಯಾಮ್ ಅಂದರೆ ಕಣ. ಸ್ಟೋರೇಜ್ ಅಂದರೆ ಕಣಜ. ಕಣ ಚಿಕ್ಕದಿದ್ದು ರಾಗಿ, ಜೋಳ, ಶೇಂಗಾ ಮೂರನ್ನೂ ಒಟ್ಟಿಗೆ ತಂದು ಹಾಕಿದರೆ ಆಳು ಎಷ್ಟೇ ಗಟ್ಟಿಗನಾದರೂ ಕೈಕಾಲು ಆಡಿಸಲು ಜಾಗ ಇರುವುದಿಲ್ಲ. ಮ್ಯಾಪು ತೆರೆದು, ಹಾಡು ಹಾಕಿ, ಫೋನ್ ಜೋಡಿಸಿದಾಗ ಪರದೆ ತಡವರಿಸುವುದು ಬಹಳ ಸಲ ಇದೇ ಕಾರಣಕ್ಕೆ.

ಕಂಪನಿಗಳಿಗೆ ಇದು ಗೊತ್ತಿದೆ. ಬೆಂಗಳೂರಿನ ಏಥರ್ ತನ್ನ 450ಎಕ್ಸ್ ಸ್ಕೂಟರಿನಲ್ಲಿ ಮೊದಲು 1 ಜಿಬಿ ರ‍್ಯಾಮ್ ಕೊಟ್ಟಿತ್ತು. 2022ರಲ್ಲಿ ಬಂದ ಹೊಸ ತಲೆಮಾರಿನಲ್ಲಿ ಅದನ್ನು 2 ಜಿಬಿ ಮಾಡಿತು. ಮಹೀಂದ್ರ 2024ರ ನವೆಂಬರ್‌ನಲ್ಲಿ ತಂದ ಎಕ್ಸ್‌ಇವಿ 9ಇ ಕಾರಿನ ಕಂಪ್ಯೂಟರಿಗೆ 24 ಜಿಬಿ ರ‍್ಯಾಮ್. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ 4 ಅಥವಾ 6 ಇರಬಹುದು. ಫೋನನ್ನಾದರೆ ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುತ್ತೀರಿ. ಗಾಡಿಯನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತೀರಿ. ಗಾಡಿ ವಿನ್ಯಾಸ ಮಾಡುವಾಗ ಆರಿಸಿದ ಚಿಪ್ಪು ಅದು ರಸ್ತೆಗೆ ಬರುವ ಹೊತ್ತಿಗೇ ಒಂದೆರಡು ವರ್ಷ ಹಳತಾಗಿರುತ್ತದೆ. ಆಮೇಲೆ ಪ್ರತಿ ಅಪ್‌ಡೇಟಿನಲ್ಲೂ ಹೊಸ ಕೆಲಸ ಸೇರುತ್ತದೆ. ಕಣ ಅಷ್ಟೇ ಇರುತ್ತದೆ.

ಈ ಮಾತು ನನ್ನ ಸ್ಕೂಟರಿಗೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಈಚೆಗೆ ನಮ್ಮ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಂಡು ಬಾಡಿಗೆಗೆ ಬಿಡುತ್ತೇನೆಂದು ಹೊರಟ. ಎರಡು ವರ್ಷ ಈರುಳ್ಳಿ ಕೈ ಕೊಟ್ಟಿತ್ತು. ನಮ್ಮ ಊರಿಂದ ಚಿತ್ರದುರ್ಗ, ದಾವಣಗೆರೆ ಆಸ್ಪತ್ರೆಗೆ ಹೋಗುವವರು ದಿನಾ ಇರುತ್ತಾರೆ, ಕರೆಂಟಿನ ಗಾಡಿಯಾದರೆ ಬಾಡಿಗೆಯಲ್ಲಿ ನಾಲ್ಕು ಕಾಸು ಉಳಿಯುತ್ತೆ ಅನ್ನುವುದು ಅವನ ಲೆಕ್ಕ. ಚಿಕ್ಕಮ್ಮನ ಒಡವೆ ಅಡವಿಡುವ ಮಾತೂ ಆಗಿತ್ತು. "ಅಣ್ಣ, ನೀನು ಪೇಪರ್‌ನೋನು, ಜೊತೆಗೆ ಬಾ" ಅಂದ. ಮೂವರೂ ದಾವಣಗೆರೆಗೆ ಹೋದೆವು.

ನಾಲ್ಕು ವರ್ಷ ಓಡಿದ ಕಾರು. ಬ್ಯಾಟರಿ ಚೆನ್ನಾಗಿತ್ತು, ಟೈರು ಚೆನ್ನಾಗಿದ್ದವು. ತಮ್ಮ ರಿವರ್ಸ್ ಗೇರು ಹಾಕಿದ. ಹಿಂದಿನ ಕ್ಯಾಮೆರಾದ ಚಿತ್ರ ಬರಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಏಳಕ್ಕೆ ಬಂತು. ಎಸಿ ಕಡಿಮೆ ಮಾಡುವುದೂ ಪರದೆಯಲ್ಲೇ. ಒತ್ತಿದ ಮೇಲೆ ಅದು ಯೋಚನೆ ಮಾಡುತ್ತಿತ್ತು. ಮಾರುವವನು ನಕ್ಕು, "ಅದೇನಿಲ್ಲ ಸರ್, ಅಪ್‌ಡೇಟ್ ಹಾಕಿದ್ರೆ ಸರಿಹೋಗುತ್ತೆ" ಅಂದ.

ಚಿಕ್ಕಪ್ಪ ಅಲ್ಲಿಯವರೆಗೆ ಸುಮ್ಮನಿದ್ದವರು ಬಾಯಿಬಿಟ್ಟರು. "ಎತ್ತು ಹಿಡಿಯೋವಾಗ ಬಾಯಿ ಬಿಡ್ಸಿ ಹಲ್ಲು ನೋಡ್ತೀವಿ. ಇದ್ರ ಹಲ್ಲು ಎಲ್ಲೈತೆ, ತೋರ್ಸಪ್ಪ."

ಅಪ್‌ಡೇಟ್ ಹಾಕಿದರೆ ಸರಿಹೋಗುತ್ತಾ? ಉತ್ತರ ಹುಡುಕಲು ಅಮೆರಿಕದ ಕಡೆ ನೋಡಬೇಕಾಯಿತು. ಯಾಕೆಂದರೆ ದೊಡ್ಡ ಪರದೆಯ ಎಲೆಕ್ಟ್ರಿಕ್ ಕಾರುಗಳು ಹೆಚ್ಚು ಸಂಖ್ಯೆಯಲ್ಲಿ ಮೊದಲು ಹಳತಾದದ್ದು ಅಲ್ಲಿ. ಟೆಸ್ಲಾ 2012ರಲ್ಲಿ ಮಾಡೆಲ್ ಎಸ್ ಎಂಬ ಕಾರು ತಂದಾಗ ಅದರ 17 ಇಂಚಿನ ಪರದೆಯನ್ನು ಜಗತ್ತೇ ಬೆರಗಾಗಿ ನೋಡಿತು. ಅದರ ಒಳಗಿದ್ದದ್ದು ಎನ್ವಿಡಿಯಾದ ಟೆಗ್ರಾ 3 ಪ್ರೊಸೆಸರ್, ಜೊತೆಗೆ 8 ಜಿಬಿ ಸ್ಟೋರೇಜ್ ಚಿಪ್ಪು. ಕಾರು ತನ್ನ ದಿನಚರಿಯನ್ನು ಆ ಚಿಪ್ಪಿನಲ್ಲಿ ಬರೆಯುತ್ತಾ ಅಳಿಸುತ್ತಾ ಇತ್ತು. ಇಂಥ ಚಿಪ್ಪಿನ ಮೇಲೆ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿ ಇದೆ. ನಾವು ಶಾಲೆಯಲ್ಲಿ ಉಜ್ಜಿ ಉಜ್ಜಿ ಸವೆಸಿದ ಸ್ಲೇಟು ಕೊನೆಗೆ ಬಳಪ ಹಿಡಿಯುವುದನ್ನೇ ಬಿಡುತ್ತಿತ್ತಲ್ಲ, ಹಾಗೆ. ಐದಾರು ವರ್ಷಕ್ಕೆ ಪರದೆಗಳು ಕಪ್ಪಾಗತೊಡಗಿದವು. ಹಿಂದಿನ ಕ್ಯಾಮೆರಾ ಹೋಯಿತು. ಮುಂಗಾಜಿನ ಮಂಜು ತೆಗೆಯುವ ವ್ಯವಸ್ಥೆಯ ನಿಯಂತ್ರಣ ಹೋಯಿತು. ಅಲ್ಲಿನ ಸರ್ಕಾರಿ ಹೆದ್ದಾರಿ ಸುರಕ್ಷತಾ ಸಂಸ್ಥೆ ಪಟ್ಟು ಹಿಡಿದ ಮೇಲೆ 2021ರ ಫೆಬ್ರವರಿಯಲ್ಲಿ ಕಂಪನಿ ಸುಮಾರು 1,35,000 ಕಾರುಗಳನ್ನು ವಾಪಸ್ ಕರೆಯಿತು. ಅಪ್‌ಡೇಟಿನಿಂದ ಅದು ವಾಸಿಯಾಗುವಂಥದ್ದಲ್ಲ. ಸವೆದ ಭಾಗ ತೆಗೆದು 64 ಜಿಬಿಯ ಹೊಸದನ್ನು ಹಾಕಬೇಕಾಯಿತು.

ಮರುವರ್ಷ, 2022ರ ಮೇ ತಿಂಗಳಲ್ಲಿ, ಅದೇ ಕಂಪನಿಯ ಸುಮಾರು 1,30,000 ಕಾರುಗಳಿಗೆ ಇನ್ನೊಂದು ರೋಗ ಬಂತು. ಈ ಸಲ ಪ್ರೊಸೆಸರ್ ಹೊಸದು, ಎಎಂಡಿ ಕಂಪನಿಯ ಬಲಶಾಲಿ ಚಿಪ್ಪು. ಆದರೆ ಫಾಸ್ಟ್ ಚಾರ್ಜಿಂಗ್ ಸಮಯದಲ್ಲಿ ಅದಕ್ಕೆ ಸಾಕಷ್ಟು ತಂಪು ಸಿಗುತ್ತಿರಲಿಲ್ಲ. ಕಾವೇರಿ ನಿಧಾನವಾಗುತ್ತಿತ್ತು, ಇಲ್ಲವೇ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಪರದೆ ತಡವರಿಸುತ್ತಿತ್ತು, ಕೆಲವೊಮ್ಮೆ ಖಾಲಿಯಾಗುತ್ತಿತ್ತು. ಇದನ್ನು ಮಾತ್ರ ಗಾಳಿಯಲ್ಲೇ ಕಳಿಸಿದ ಅಪ್‌ಡೇಟಿನಿಂದ ಸರಿಮಾಡಿದರು. ಯಾರೂ ಗ್ಯಾರೇಜಿಗೆ ಹೋಗಬೇಕಾಗಲಿಲ್ಲ.

ಆ ದಾವಣಗೆರೆ ಮಾತಿಗೆ ಉತ್ತರ ಈ ಎರಡು ಘಟನೆಗಳಲ್ಲಿದೆ. ಪರದೆ ನಿಧಾನವಾಗಲು ಕಾರಣ ಸಾಫ್ಟ್‌ವೇರಿನ ತಪ್ಪೋ, ತಂಪು ಮಾಡುವ ಲೆಕ್ಕಾಚಾರದ ತಪ್ಪೋ ಆಗಿದ್ದರೆ ಅಪ್‌ಡೇಟ್ ಸರಿಮಾಡಬಹುದು. ಚಿಪ್ಪೇ ಸವೆದಿದ್ದರೆ, ಕಣವೇ ಚಿಕ್ಕದಾಗಿದ್ದರೆ ಯಾವ ಅಪ್‌ಡೇಟೂ ಸರಿಮಾಡಲಾರದು. ಮಾರುವವನ ಬಾಯಿಮಾತಿನಲ್ಲಿ ಎರಡಕ್ಕೂ ಒಂದೇ ಔಷಧಿ.

ಬಿಸಿಲಿನ ವಿಷಯ ನಮ್ಮ ಸೀಮೆಗೆ ಇನ್ನೂ ಮುಖ್ಯ. ವಾಹನಕ್ಕೆಂದು ಮಾಡಿದ ಚಿಪ್ಪುಗಳನ್ನು ಮೈನಸ್ 40ರಿಂದ 85 ಡಿಗ್ರಿವರೆಗೆ, ಕೆಲವನ್ನು 105 ಡಿಗ್ರಿವರೆಗೆ ಪರೀಕ್ಷಿಸುತ್ತಾರೆ. ಹಾಗಿದ್ದರೂ ಬಿಸಿ ಮಿತಿಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬದುವಿನ ಮೇಲೆ ಬಿಸಿಲಿಗಿಟ್ಟ ಫೋನು ಮಂಕಾಗುವುದನ್ನು ನೀವೂ ನೋಡಿದ್ದೀರಿ. ಗಾಡಿಯ ಪರದೆಯೂ ಅದೇ ಜಾತಿ.

ಒಂದೆರಡು ಸೆಕೆಂಡಿಗೆ ಇಷ್ಟೆಲ್ಲಾ ಯಾಕೆ ಎನ್ನಬೇಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಪರದೆ ಒತ್ತಿ, ಆಯಿತೋ ಇಲ್ಲವೋ ಎಂದು ಮತ್ತೆ ನೋಡುವಾಗ ಕಣ್ಣು ರಸ್ತೆ ಮೇಲೆ ಇರುವುದಿಲ್ಲ. ಸ್ವೀಡನ್ನಿನ ವಿ ಬಿಲೆಗಾರೆ ಎಂಬ ಪತ್ರಿಕೆ 2022ರಲ್ಲಿ 12 ಕಾರುಗಳನ್ನು 110 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಎಸಿ, ರೇಡಿಯೋ ಮುಂತಾದ ಸಣ್ಣ ಕೆಲಸಗಳನ್ನು ಮಾಡಿಸಿ ನೋಡಿತು. ಗುಂಡಿಗಳಿದ್ದ 2005ರ ಹಳೆಯ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡು ಸಾಕಾಯಿತು. ಎಲ್ಲಕ್ಕಿಂತ ಹಿಂದೆ ಬಿದ್ದ ಪರದೆಯ ಕಾರಿಗೆ ಸುಮಾರು 45 ಸೆಕೆಂಡು. ಅಷ್ಟರಲ್ಲಿ ಅದು 1,372 ಮೀಟರ್ ಹೋಗಿಯಾಗಿತ್ತು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತಾ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟಿಗೆ ಪರದೆ ಬಿಟ್ಟು ಬೇರೆ ಗುಂಡಿ ಇರುವುದನ್ನು ಅಂಕಕ್ಕೆ ಸೇರಿಸಿದೆ.

ಗಾಡಿ ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟು.

ಸಾಧ್ಯವಾದರೆ ಮಧ್ಯಾಹ್ನ ಹೋಗಿ. ಬಿಸಿಲಲ್ಲಿ ನಿಂತ ಗಾಡಿಯನ್ನೇ ಆನ್ ಮಾಡಿಸಿ. ಮೊದಲು ರಿವರ್ಸ್ ಹಾಕಿ ಕ್ಯಾಮೆರಾ ಬರುವವರೆಗೆ ಎಣಿಸಿ. ಮ್ಯಾಪು ಹಾಕಿ, ಹಾಡು ಹಾಕಿ, ನಿಮ್ಮ ಫೋನ್ ಜೋಡಿಸಿ, ಆಮೇಲೆ ಎಸಿ ಬದಲಾಯಿಸಿ ನೋಡಿ.

ವೈಪರ್, ಲೈಟು, ಮುಂಗಾಜಿನ ಮಂಜು ತೆಗೆಯುವುದು ಪರದೆ ಸತ್ತರೂ ನಡೆಯುತ್ತವೆಯೇ ಎಂದು ಕೇಳಿ. ಪರದೆಯನ್ನು ರೀಸ್ಟಾರ್ಟ್ ಮಾಡುವುದು ಹೇಗೆ ಎಂದು ಅಲ್ಲೇ ಕಲಿತುಕೊಳ್ಳಿ.

ವಾರಂಟಿ ಪುಸ್ತಕ ತರಿಸಿ. ಹಲವು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ 8 ವರ್ಷದ ವಾರಂಟಿ ಇರುತ್ತದೆ. ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಪರದೆ ಆ 8 ವರ್ಷದೊಳಗೆ ಬರುತ್ತದೆ ಎಂದುಕೊಳ್ಳಬೇಡಿ. ಅದರ ವಾರಂಟಿ ಎಷ್ಟು, ಕೆಟ್ಟರೆ ಇಡೀ ಪರದೆ ಬದಲಾಯಿಸಬೇಕೋ, ಬೆಲೆ ಎಷ್ಟು ಎಂದು ಸರ್ವಿಸ್ ಸೆಂಟರಿನಲ್ಲಿ ಬರೆಸಿಕೊಳ್ಳಿ.

ದೋಷ ಇದ್ದರೆ ಸುಮ್ಮನಿರಬೇಡಿ. ನಮ್ಮ ದೇಶದಲ್ಲೂ 2021ರ ಏಪ್ರಿಲ್ 1ರಿಂದ ವಾಹನ ವಾಪಸ್ ಕರೆಸುವ ನಿಯಮ ಇದೆ. 7 ವರ್ಷದೊಳಗಿನ ವಾಹನಗಳಿಗೆ ಅದು ಅನ್ವಯ. ಸುರಕ್ಷತೆಗೆ ಸಂಬಂಧಿಸಿದ ಒಂದೇ ದೋಷದ ಬಗ್ಗೆ ನಿಗದಿತ ಸಂಖ್ಯೆಯ ದೂರುಗಳು ಬಂದರೆ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ದೂರು ಕೊಡುವವರು ಬೆಂಗಳೂರಿನವರೇ ಆಗಿದ್ದರೆ ನಮ್ಮ ಬಿಸಿಲು, ನಮ್ಮ ರಸ್ತೆ ಲೆಕ್ಕಕ್ಕೇ ಬರುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು.

ದಾವಣಗೆರೆಯ ಕಾರನ್ನು ನಾವು ತಗೊಳ್ಳಲಿಲ್ಲ. ಪರದೆ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ ಎಂದೆವು, ಅವನು ಒಪ್ಪಲಿಲ್ಲ. ಚಿಕ್ಕಮ್ಮನ ಒಡವೆ ಸದ್ಯ ಪೆಟ್ಟಿಗೆಯಲ್ಲೇ ಇದೆ. ಹೋದ ಭಾನುವಾರ ತಮ್ಮ ಹಿರಿಯೂರಿನಲ್ಲಿ ಇನ್ನೊಂದು ಕಾರು ನೋಡಿಕೊಂಡು ಬಂದ. ಕ್ಯಾಮೆರಾ ಎರಡು ಎಣಿಸುವಷ್ಟರಲ್ಲಿ ಬಂತಂತೆ, ಎಸಿಗೆ ಬೇರೆಯೇ ಗುಂಡಿ ಇದೆಯಂತೆ. ವಾರಂಟಿ ಪುಸ್ತಕದ ಫೋಟೋ ತೆಗೆದು ನನಗೆ ಕಳಿಸಿದ್ದಾನೆ. ಇಪ್ಪತ್ತೆರಡು ಪುಟ ಇದೆ, ಎಲ್ಲ ಇಂಗ್ಲಿಷಿನಲ್ಲಿ. ಇವತ್ತು ರಾತ್ರಿ ಕೂತು ಅವನಿಗೆ ಕನ್ನಡದಲ್ಲಿ ಓದಿ ಹೇಳಬೇಕು.